ಸಂಚಕಾರಕ್ಕೆ ಕೊಟ್ಟ ಹಡಗಿನ ಕಾರ್ಡು

ಮಸ್ಕತ್ ಬಂದರಿನಲ್ಲಿ ಹಡಗು ನಿಂತ ಬೆಳಿಗ್ಗೆ ನಮ್ಮ ಇಪ್ಪತ್ತೇಳು ಜನರನ್ನು ಮೆಟ್ಟಿಲ ಹತ್ತಿರ ಸೇರಿಸಿ ನಾನು ಮೂರು ಮಾತು ಹೇಳಿದೆ. ಕೊರಳಿಗೆ ಹಾಕಿಕೊಂಡ ಹಡಗಿನ ಕಾರ್ಡನ್ನು ಯಾರ ಕೈಗೂ ಕೊಡಬಾರದು. ಮಧ್ಯಾಹ್ನ ಒಂದು ಗಂಟೆಗೆ ಸಮುದ್ರದ ದಂಡೆಯ ಬಸ್ ನಿಲ್ಲುವ ಜಾಗಕ್ಕೆ ಬಂದಿರಬೇಕು. ಮೂರೂವರೆಗೆ ಹಡಗಿನ ಬಾಗಿಲು ಮುಚ್ಚುತ್ತಾರೆ, ಆಮೇಲೆ ಯಾರಿಗಾಗಿಯೂ ತೆಗೆಯುವುದಿಲ್ಲ. ಮೂರನ್ನೂ ಎರಡೆರಡು ಸಲ ಹೇಳಿದೆ. ಶಾಲೆ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತೀಯಲ್ಲ ಎಂದು ಜೇವರ್ಗಿಯ ನಿವೃತ್ತ ಹೆಡ್‌ಮೇಡಂ ನಕ್ಕರು.

ಹೇಳಲೇಬೇಕಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಜನರನ್ನು ದುಬೈಗೆ ಕರೆದುಕೊಂಡು ಹೋಗಿ ಅಲ್ಲಿಂದ ಮೂರು ರಾತ್ರಿಯ ಹಡಗು ಹತ್ತಿಸುವ ಈ ಪ್ರವಾಸ ನಮ್ಮ ಕಲಬುರಗಿಯ ಕಂಪನಿಗೆ ಹೊಸದು, ನನಗೂ ಹೊಸದು. ಬಸ್ಸಿನ ಪ್ರವಾಸದಲ್ಲಿ ಯಾರಾದರೂ ತಡ ಮಾಡಿದರೆ ಡ್ರೈವರಿಗೆ ಒಂದು ಚಹಾ ಕುಡಿಸಿ ನಿಲ್ಲಿಸಿಕೊಳ್ಳಬಹುದು. ಹಡಗಿನ ಕ್ಯಾಪ್ಟನ್ನಿಗೆ ಯಾರು ಚಹಾ ಕುಡಿಸುತ್ತಾರೆ? ಪಾಸ್‌ಪೋರ್ಟುಗಳೆಲ್ಲ ಹಡಗಿನವರ ವಶದಲ್ಲಿದ್ದವು. ಕೆಳಗೆ ಇಳಿದವರಿಗೆ ಇದ್ದ ಒಂದೇ ಗುರುತು ಆ ಕಾರ್ಡು. ಅದಿಲ್ಲದೆ ಬಂದರಿನ ಗೇಟಿನೊಳಗೂ ಬಿಡುವುದಿಲ್ಲ.

"ಎತ್ತಿನ ಕೊರಳಿಗಿ ಗಂಟಿ ಕಟ್ಟಿದಂಗ ಕಟ್ಟಿಬಿಟ್ಟಿಯಲ್ಲವ್ವಾ," ಎಂದು ಅತನೂರಿನ ಕಾಕಾ ಕಾರ್ಡು ಹಿಡಿದು ಅಲ್ಲಾಡಿಸಿದರು. ಕಾಕಾ ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳಿನಲ್ಲೇ ದರ ಹೇಳಿ, ಎತ್ತು ಮಾರುವವನನ್ನೂ ಕೊಳ್ಳುವವನನ್ನೂ ಒಂದು ಮಾಡುವ ಕೆಲಸ. ಹೆಗಲ ಮೇಲಿನ ಟವೆಲ್ಲನ್ನು ಹಡಗಿನ ಊಟದ ಕೋಣೆಯಲ್ಲೂ ಇಳಿಸಿರಲಿಲ್ಲ.

ಬಂದರಿನ ಹತ್ತಿರದ ಮುತ್ರಾಹ್ ಪೇಟೆಯ ಓಣಿಗಳಲ್ಲಿ ಬೆಳಗಿನ ಹೊತ್ತು ಕಾಕಾನ ದರ್ಬಾರು ನಡೆಯಿತು. ನಮ್ಮವರು ಯಾರು ಏನು ಕೊಳ್ಳಬೇಕಾದರೂ ಮೊದಲು ಕಾಕಾನನ್ನು ಕರೆಯುತ್ತಿದ್ದರು. ಅಲ್ಲಿನ ಅಂಗಡಿಯವರಿಗೆಲ್ಲ ಹಿಂದಿ ಬರುತ್ತದೆ, ಕಾಕಾನಿಗೆ ನಮ್ಮ ಕಡೆಯ ಉರ್ದು ಬರುತ್ತದೆ. ಆಳಂದದ ತೊಗರಿ ವ್ಯಾಪಾರಿಯ ಹೆಂಡತಿ ಎಂಟು ರಿಯಾಲ್ ಎಂದ ಶಾಲು ಹಿಡಿದು ನಿಂತಿದ್ದರೆ, ಕಾಕಾ ಅದರ ಅಂಚು ಹಿಂಜಿ ನೋಡಿ, ಬೆಳಕಿಗೆ ಹಿಡಿದು, ಏನೂ ಅನ್ನದೆ ಕೆಳಗಿಟ್ಟು ಹೊರಟುಬಿಡುತ್ತಿದ್ದರು. ಹತ್ತು ಹೆಜ್ಜೆಗೆ ಅಂಗಡಿಯವನು ಕೂಗುತ್ತಿದ್ದ, ಇವರು ತಿರುಗುತ್ತಿರಲಿಲ್ಲ. ಎರಡನೇ ಕೂಗಿಗೆ ತಿರುಗುತ್ತಿದ್ದರು. ಶಾಲು ಮೂರೂವರೆ ರಿಯಾಲಿಗೆ ಇಳಿಯಿತು. ನಮ್ಮ ಹೆಂಗಸರು ಮಂತ್ರಿಯ ಹಿಂದೆ ಹೋದ ಹಾಗೆ ಅವರ ಹಿಂದೆ ಹೋಗುತ್ತಿದ್ದರು. ನಾನೂ ಖುಷಿಯಾಗಿ ಫೋಟೊ ತೆಗೆದು ಕಂಪನಿಯ ಗುಂಪಿಗೆ ಕಳಿಸಿದೆ.

ಹನ್ನೊಂದೂವರೆಗೆ ಬಿಸಿಲು ಏರಿತು. ಮೊಣಕಾಲು ನೋವಿನವರು, ಸುಸ್ತಾದವರು ಹನ್ನೆರಡು ಜನರನ್ನು ಮೊದಲ ಬಸ್ಸಿನಲ್ಲಿ ಹಡಗಿಗೆ ಕಳಿಸಿದೆ. ಅವರಲ್ಲಿ ಕಾಕಾನ ಹೆಂಡತಿ, ನಾವೆಲ್ಲ ಕಾಕಿ ಎನ್ನುತ್ತಿದ್ದವರೂ ಇದ್ದರು. ಉಳಿದವರು ಹದಿನೈದು. ಒಂದು ಗಂಟೆಗೆ ದಂಡೆಯಲ್ಲಿ ಎಣಿಸಿದಾಗ ಹದಿನಾಲ್ಕು. ಮತ್ತೆ ಎಣಿಸಿದರೂ ಅಷ್ಟೇ. ಐದು ನಿಮಿಷದ ಮೇಲೆ ಕಾಕಾ ಸಮುದ್ರದ ಗಾಳಿ ಕುಡಿಯುತ್ತ, ಕೈ ಹಿಂದೆ ಕಟ್ಟಿಕೊಂಡು ನಿಧಾನಕ್ಕೆ ನಡೆದು ಬಂದರು. ಎದೆಯ ಮೇಲೆ ಕಾರ್ಡು ಇರಲಿಲ್ಲ.

"ಕಾಕಾ, ಕಾರ್ಡ್ ಎಲ್ಲದ?"

"ಎಲ್ಲೂ ಹೋಗಿಲ್ಲ. ಸಂಚಕಾರ ಕೊಟ್ಟು ಬಂದೇನಿ."

"ಏನ್ ಕೊಟ್ಟು ಬಂದೀರಿ?"

"ಸಂಚಕಾರವ್ವಾ. ಧೂಪಕ್ಕ ಹಾಕೂ ಲೋಬಾನದ ಅಂಗಡ್ಯಾಗ. ಮೂರು ಕಿಲೋ ಸೌದಾ ಆಯ್ತು. ರೊಕ್ಕೆಲ್ಲಾ ನಿಮ್ಮ ಕಾಕಿ ಸೊಂಟದ ಚೀಲದಾಗ ಅವ. ಮಾತಾದ ಮ್ಯಾಲ ಬರೀ ಕೈಲೆ ಎದ್ದು ಬಂದ್ರ ಅಂವಾ ಏನ್ ತಿಳ್ಕೋಬೇಕು? ಕೊರಳಾಗಿಂದು ತಗದು ಕೈಗಿಟ್ಟೆ. ರೊಕ್ಕ ನಿನ್ನ ಹಂತೇಕ ಇಸ್ಕೊಂಡು ಕೊಟ್ರಾಯ್ತು ಅಂದೆ."

ಸೌದಾ ಕುದುರಿದ ಕೂಡಲೇ ಕೊಳ್ಳುವವನು ಮಾರುವವನ ಕೈಗೆ ಏನಾದರೂ ಒಂದು ಮುಂಗಡ ಇಡಬೇಕು. ಅದೇ ಸಂಚಕಾರ. ಅದನ್ನು ಹಿಡಿದವನು ಮಾಲನ್ನು ಬೇರೆಯವರಿಗೆ ಮಾರುವ ಹಾಗಿಲ್ಲ, ಕೊಟ್ಟವನು ಮಾತು ತಪ್ಪುವ ಹಾಗಿಲ್ಲ. ನಮ್ಮ ಕಡೆಯ ಸಂತೆಗಳಲ್ಲಿ ರೊಕ್ಕ ಇಲ್ಲದಿದ್ದರೆ ಕೈಗಡಿಯಾರ ಬಿಚ್ಚಿ ಕೊಟ್ಟವರಿದ್ದಾರೆ, ಮೆಟ್ಟು ಬಿಟ್ಟು ಹೋದವರಿದ್ದಾರೆ. ನನಗೆ ಇದು ಗೊತ್ತಿಲ್ಲದ್ದೇನಲ್ಲ, ನಾನೂ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದವಳೇ. ಆದರೆ ಹಡಗಿನ ಕಾರ್ಡನ್ನು ಕೊಟ್ಟಾರು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಅಂವಾ ಎಷ್ಟೊತ್ತಿಗಿ ಬಾ ಅಂದಾನ?"

"ಒಂದರೊಳಗ ಬಾ ಅಂದಿದ್ದ. ಅಂಗಡ್ಯಾಗ ಅರ್ಧ ಕಿಲೋ ಇತ್ತು. ಉಳಿದದ್ದು ಆಮ್ಯಾಲ ಮನಿಯಿಂದ ತರ್ತೇನಿ ಅಂದ. ನಾ ಬೇಕಂತ ಮುಕ್ಕಾಲು ತಾಸು ದಂಡಿ ಮ್ಯಾಲ ಕುಂತೆ. ಓಡಿ ಹೋದ್ರ ನಮಗ ಗರಜು ಅದ, ಅವಸರ ಅದ ಅಂತ ತಿಳೀತದವ್ವಾ."

ನಲವತ್ತು ವರ್ಷದ ಜಾಣತನವೆಲ್ಲ ಸೇರಿ ಆ ಮುಕ್ಕಾಲು ಗಂಟೆಯನ್ನು ತಿಂದುಹಾಕಿತ್ತು. ನನಗೆ ತಲೆ ಕೆಟ್ಟುಹೋಯಿತು. ಉಳಿದವರನ್ನು ಹೆಡ್‌ಮೇಡಂ ವಶಕ್ಕೆ ಕೊಟ್ಟು ಬಸ್ಸು ಹತ್ತಿಸಿದೆ. ಕಾಕಿಗೆ ಏನೂ ಹೇಳಬೇಡಿ ಎಂದು ಕಿವಿಯಲ್ಲಿ ಹೇಳಿದೆ. ನನ್ನ ಪರ್ಸಿನಲ್ಲಿದ್ದ ರಿಯಾಲ್ ಸಾಕಾಗುತ್ತಿತ್ತು. ಮಾಲು ತೆಗೆದುಕೊಂಡು, ಕಾರ್ಡು ಬಿಡಿಸಿಕೊಂಡು, ಮುಂದಿನ ಬಸ್ಸಿಗೆ ಬಂದುಬಿಡೋಣ ಎಂದು ಕಾಕಾನನ್ನು ಎಳೆದುಕೊಂಡೇ ನಡೆದೆ.

ಪೇಟೆ ಖಾಲಿಯಾಗುತ್ತಿತ್ತು. ಅಲ್ಲಿ ಒಂದು ಗಂಟೆಗೆ ಅಂಗಡಿ ಮುಚ್ಚಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಬೆಳಿಗ್ಗೆ ಜನ ಹಿಡಿಸದಿದ್ದ ಓಣಿಯಲ್ಲಿ ನಮ್ಮ ಚಪ್ಪಲಿಯ ಸದ್ದೇ ಕೇಳುತ್ತಿತ್ತು. ಎರಡು ತಿರುವು ತಪ್ಪಿ ಮೂರನೆಯದರಲ್ಲಿ ಕಾಕಾ ಗುರುತು ಹಿಡಿದರು. ಲೋಬಾನದ ಅಂಗಡಿಯ ಮರದ ಬಾಗಿಲಿಗೆ ಬೀಗ ಬಿದ್ದಿತ್ತು.

ಪಕ್ಕದಲ್ಲಿ ಟೋಪಿ ಮಾರುವವನು ತನ್ನ ಗೋಣಿಪರದೆ ಇಳಿಬಿಡುತ್ತಿದ್ದ. ಕೇಳಿದೆ. ಲೋಬಾನದ ಮುದುಕ ಮನೆಗೆ ಹೋದ, ಮನೆ ಎಲ್ಲೋ ಗುಡ್ಡದ ಮೇಲಿದೆ, ತನಗೆ ಸರಿಯಾಗಿ ಗೊತ್ತಿಲ್ಲ ಎಂದ. ಫೋನ್ ನಂಬರು ಕೊಟ್ಟ. ಹಚ್ಚಿದೆ. ಬೀಗ ಹಾಕಿದ ಬಾಗಿಲಿನ ಒಳಗೇ ಫೋನು ರಿಂಗಾಯಿತು. ನಾನು ಕಟ್ ಮಾಡಿದಾಗ ಅದೂ ನಿಂತಿತು.

ಕಾಕಾ ಕಟ್ಟೆಯ ಮೇಲೆ ಕೂತರು. "ಬರ್ತಾನ. ಸಂಚಕಾರ ಹಿಡದಾಂವ ಬರದ ಇರೂದಿಲ್ಲ," ಎಂದರು.

"ಬರ್ತಾನ ಖರೆ. ನಾಕಕ್ಕ ಬರ್ತಾನ. ಹಡಗು ಮೂರೂವರಿಗಿ ಬಾಗಲಾ ಹಾಕ್ತದ!"

ಆಗಲೇ ಒಂದೂವರೆ. ಹಡಗಿನ ಭದ್ರತಾ ಅಧಿಕಾರಿಗೆ ಫೋನ್ ಮಾಡಿದೆ. ನಡೆದದ್ದನ್ನು ನೇರ ಹೇಳದೆ, ಹೀಗಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಆತ ತಣ್ಣಗೆ ಎರಡು ದಾರಿ ಹೇಳಿದ. ಕಾರ್ಡು ಕಳೆದುಹೋಗಿದ್ದರೆ ಬಂದರಿನ ಗೇಟಿನಲ್ಲಿ ಒಂದು ಹೇಳಿಕೆ ಬರೆದುಕೊಡಬೇಕು, ಪ್ರಯಾಣಿಕ ಸಹಿ ಮಾಡಬೇಕು, ತಾನು ಫೋಟೊ ಇರುವ ದಾಖಲೆ ತಂದು ಗುರುತಿಸಿ ತಾತ್ಕಾಲಿಕ ಕಾರ್ಡು ಕೊಡುತ್ತೇನೆ, ಇದಕ್ಕೆಲ್ಲ ಅರ್ಧ ಗಂಟೆ ಬೇಕು. ಪ್ರಯಾಣಿಕ ತಾನಾಗಿಯೇ ಹೊರಗಿನವರಿಗೆ ಕಾರ್ಡು ಕೊಟ್ಟಿದ್ದರೆ ಅದು ಬೇರೆ ವಿಷಯ. ಕ್ಯಾಪ್ಟನ್ನಿಗೆ ತಿಳಿಸಬೇಕು, ಪೊಲೀಸರು ವಿಚಾರಿಸಬೇಕು, ಅಂಥವರನ್ನು ಹತ್ತಿಸಿಕೊಳ್ಳುತ್ತಾರೋ ಇಲ್ಲವೋ ತಾನು ಹೇಳಲಾರೆ. ಕೊನೆಗೆ ಆತ ಕೇಳಿದ, "ನಿಮ್ಮದು ಯಾವುದು?"

"ತಿಳಿದು ಹೇಳುತ್ತೇನೆ," ಎಂದು ಫೋನ್ ಇಟ್ಟೆ.

ಕಾಕಾನಿಗೆ ವಿಷಯ ಬಿಡಿಸಿ ಹೇಳಿದೆ. ಕಳೆದುಹೋಗಿದೆ ಎಂದು ಬರೆದುಬಿಡೋಣ, ಹಡಗು ಹತ್ತೋಣ, ಕಾರ್ಡು ಏನಾದರೂ ಆಗಲಿ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಕಳದು ಹೋಗ್ಯದ ಅಂತ ಹೆಂಗ ಹೇಳ್ಲಿ? ಕಳದಿಲ್ಲ. ನಾನ ಕೊಟ್ಟೇನಿ, ಈ ಕೈಲೆ. ನಾಳಿ ಅದು ಅಂವನ ಹಂತೇಕ ಸಿಕ್ರ ಅಂವಾ ಏನಾದ? ಕಳ್ಳ ಆದ."

"ಕಾಕಾ, ಅಷ್ಟು ದೂರ ಯಾಕ ಹೋಗ್ತೀರಿ?"

"ದೂರ ಅಲ್ಲವ್ವಾ. ನನ್ನ ಪಾಲುದಾರ ಇದ್ದ, ಆಳಂದದಾಂವ. ಇಬ್ರೂ ಕೂಡಿ ನಲವತ್ತು ವರ್ಷ ದಲಾಲಿ ಮಾಡೇವಿ. ಕೊಟ್ಟ ಸಂಚಕಾರ ಇಬ್ರಾಗ ಒಬ್ಬರೂ ಇಲ್ಲ ಅಂದಿಲ್ಲ. ಖರೇ ಲೋಬಾನ ಈ ದೇಶದಾಗ ಬೆಳೀತದ, ಒಮ್ಮಿ ಹೋಗಿ ತರ್ತೇನಿ ಅಂತಿದ್ದ. ಹೋದ ವರ್ಷ ತೀರ್ಕೊಂಡ. ಅಂವನ ಗೋರಿ ಮುಂದ ಹಾಕಾಕ ಒಯ್ಯಾಕತ್ತೇನಿ. ಅದಕ್ಕ ಕೊಟ್ಟ ಸಂಚಕಾರನ ಕಳದದ ಅಂತ ಸುಳ್ಳು ಹೇಳಲೇನು?"

ನಾನು ಗಡಿಯಾರ ನೋಡಿದೆ. ಒಂದೂ ನಲವತ್ತು, ಒಂದೂ ನಲವತ್ತೈದು. ನನ್ನ ತಲೆಯಲ್ಲಿ ಕಾಕಿ ಓಡಾಡುತ್ತಿದ್ದರು. ಕನ್ನಡ ಬಿಟ್ಟು ಒಂದು ಮಾತು ಬಾರದ ಹೆಂಗಸು, ಹಡಗಿನ ಲಿಫ್ಟಿಗೂ ಗಂಡನ ಕೈ ಹಿಡಿದೇ ಹತ್ತುತ್ತಿದ್ದವರು. ಆಕೆ ಒಬ್ಬಳೇ ದುಬೈಗೆ ಹೋಗಿ ಇಳಿಯುವುದು, ಈ ಮುದುಕ ಪಾಸ್‌ಪೋರ್ಟಿಲ್ಲದೆ, ವೀಸಾ ಇಲ್ಲದೆ ಈ ಕಟ್ಟೆಯ ಮೇಲೆ ಉಳಿಯುವುದು. ನಾನು ಇವರ ಜೊತೆ ನಿಂತರೆ ಉಳಿದ ಇಪ್ಪತ್ತಾರು ಜನರ ಗತಿ?

"ಕಾಕಿ ಒಬ್ಬರ ಅದಾರ ಕಾಕಾ," ಎಂದೆ. "ಅವರ ಮುಂದ ನಾ ಹೋಗಿ ಏನಂತ ನಿಂದರ್ಲಿ?"

ಕಾಕಾ ಎದ್ದು ಬೀಗವನ್ನು ಒಮ್ಮೆ ಜಗ್ಗಿ ನೋಡಿದರು. ಟೋಪಿಯವನಿಗೆ, "ಸೇಠ್ ಆಯೇ ತೋ ಬೋಲೋ, ಮೈ ಬಂದರ್ ಕೊ ಗಯಾ," ಅಂಗಡಿಯವನು ಬಂದರೆ ತಾನು ಬಂದರಿಗೆ ಹೋದೆನೆಂದು ಹೇಳು ಎಂದು ಎರಡು ಸಲ ಹೇಳಿದರು. ಇಬ್ಬರೂ ಗೇಟಿನ ಕಡೆ ಹೊರಟೆವು.

ಗೇಟಿನ ಕೋಣೆಯಲ್ಲಿ ಪೊಲೀಸ್ ಅಧಿಕಾರಿ ಒಂದು ಫಾರ್ಮು ಕೊಟ್ಟ. ಇಂಗ್ಲಿಷು, ಅರಬ್ಬಿ ಎರಡೇ. ಕಾಕಾನಿಗೆ ಎರಡೂ ಬಾರವು. ನಾನು ಪೆನ್ನು ಹಿಡಿದೆ. ಹೆಸರು, ಹಡಗು, ಕೋಣೆಯ ನಂಬರು ತುಂಬಿದೆ. ಕಾರಣ ಬರೆಯುವ ಗೆರೆಗೆ ಬಂದೆ. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು ಆಗಿತ್ತು. ಪೇಟೆಯಲ್ಲಿ ಕಾರ್ಡು ಕಳೆದುಹೋಗಿದೆ ಎಂದು ಇಂಗ್ಲಿಷಿನಲ್ಲಿ ಬರೆದೆ.

"ಏನ್ ಬರ್ದಿ?" ಕಾಕಾ ಕೇಳಿದರು.

"ಕಾರ್ಡು ಅಂಗಡ್ಯಾಗ ಉಳದದ ಅಂತ ಬರ್ದೇನಿ," ಎಂದೆ.

"ಹಂಗಿದ್ರ ಅಡ್ಡಿಯಿಲ್ಲ," ಎಂದು ಕನ್ನಡದಲ್ಲಿ ದುಂಡಗೆ ಸಹಿ ಮಾಡಿದರು.

ಭದ್ರತಾ ಅಧಿಕಾರಿ ಬಂದ, ಫೋಟೊ ನೋಡಿದ, ಕಾಕಾನ ಮುಖ ನೋಡಿದ, ತಾತ್ಕಾಲಿಕ ಕಾರ್ಡು ಕೊಟ್ಟ. ಎರಡೂ ಮುಕ್ಕಾಲಿಗೆ ನಾವು ಹಡಗಿನ ಒಳಗಿದ್ದೆವು. ಕಾಕಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೋಣೆಯಲ್ಲಿ ಮಲಗಿದ್ದರು, ಅವರಿಗೆ ಏನೂ ಗೊತ್ತಾಗಿರಲಿಲ್ಲ. ನಾನು ನನ್ನ ಕೋಣೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಇಪ್ಪತ್ತೇಳೂ ಜನ ಒಳಗಿದ್ದಾರೆ. ಗೆದ್ದೆ ಅನ್ನಿಸಿತು. ನಿಜ ಹೇಳಬೇಕೆಂದರೆ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರು ಗಂಟೆಗೆ ಕೋಣೆಯ ಫೋನು ರಿಂಗಾಯಿತು. ಭದ್ರತಾ ಅಧಿಕಾರಿ. ಬಂದರಿನ ಗೇಟಿಗೆ ಒಬ್ಬ ಮುದುಕ ನಿಮ್ಮ ಪ್ರಯಾಣಿಕನ ಕಾರ್ಡು ತೋರಿಸಿಕೊಂಡು ಬಂದಿದ್ದಾನೆ, ಕಾರ್ಡು ಪೊಲೀಸರ ಕೈಗೆ ಕೊಡಲು ಒಪ್ಪುತ್ತಿಲ್ಲ, ಕೊಟ್ಟವನ ಕೈಗೇ ಕೊಡುತ್ತೇನೆ ಎನ್ನುತ್ತಿದ್ದಾನೆ. ಕಳೆದುಹೋದದ್ದೆಂದು ಹೇಳಿಕೆ ಇರುವುದರಿಂದ ಅವನನ್ನು ಕೂಡಿಸಿ ವಿಚಾರಿಸುತ್ತಿದ್ದಾರೆ. ನೀವು ಬರಬೇಕಾಗಿಲ್ಲ, ಹಳೆಯ ಕಾರ್ಡು ಹೇಗೂ ರದ್ದಾಗಿದೆ, ಸುಮ್ಮನೆ ತಿಳಿಸಿದೆ ಅಷ್ಟೆ ಎಂದ.

ಸುಮ್ಮನಿದ್ದುಬಿಡಬಹುದಿತ್ತು. ಅರ್ಧ ಗಂಟೆಯಲ್ಲಿ ಬಾಗಿಲು ಮುಚ್ಚುತ್ತದೆ, ಹಡಗು ಹೋಗುತ್ತದೆ, ಆ ಮುದುಕ ಯಾರೋ ನಾನು ಯಾರೋ. ಮಂಚದ ಅಂಚಿಗೆ ಕೂತು ಒಂದು ನಿಮಿಷ ಇದನ್ನೇ ಲೆಕ್ಕ ಹಾಕಿದೆ. ಕಳ್ಳ ಆದ ಎಂದು ಕಾಕಾ ಹೇಳಿದ್ದು ಕಿವಿಯಲ್ಲೇ ಇತ್ತು. ನನ್ನ ಒಂದು ಗೆರೆಯಿಂದ ಒಬ್ಬ ಮನುಷ್ಯ ಪೊಲೀಸರ ಮುಂದೆ ಕೂತಿದ್ದ. ಎದ್ದು ಹೋಗಿ ಕಾಕಾನ ಬಾಗಿಲು ಬಡಿದೆ.

"ಅಂಗಡಿಯಾಂವ ಗೇಟಿಗಿ ಬಂದಾನ. ನೀವು ಬರಬೇಕ್ರಿ," ಎಂದಷ್ಟೇ ಹೇಳಿದೆ.

"ನಾ ಹೇಳಿದ್ನಿಲ್ಲೋ?" ಕಾಕಾನ ಮುಖ ಅರಳಿತು. ಕಾಕಿಯ ಚೀಲದಿಂದ ರೊಕ್ಕ ಎಣಿಸಿಕೊಂಡು, "ಲೋಬಾನ ಬಂತು, ಈಗ ತರ್ತೇನಿ," ಎಂದು ಹೊರಟರು.

ಮೂರೂ ಹತ್ತಕ್ಕೆ ಗೇಟಿನ ಕೋಣೆಯಲ್ಲಿದ್ದೆವು. ಅಂಗಡಿಯ ಮುದುಕ ಬಿಳಿ ನಿಲುವಂಗಿಯಲ್ಲಿ, ಕಾಕಾನದೇ ವಯಸ್ಸು, ಗೋಡೆಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ತೊಡೆಯ ಮೇಲೆ ಬಟ್ಟೆಯ ಚೀಲ. ಕಾರ್ಡಿನ ದಾರವನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ಎರಡು ಗಂಟೆಗೆ ಮಾಲು ತೂಗಿ ತಂದು, ಊಟವನ್ನೂ ಮಾಡದೆ, ಮುಕ್ಕಾಲು ಗಂಟೆ ಅಂಗಡಿಯ ಕಟ್ಟೆಯ ಮೇಲೆ ಕಾದನಂತೆ. ಟೋಪಿಯವನು ಅಷ್ಟರಲ್ಲಿ ಮನೆಗೆ ಹೋಗಿದ್ದ. ಕೊನೆಗೆ ಕಾರ್ಡಿನ ಮೇಲಿನ ಹಡಗಿನ ಚಿತ್ರ ನೋಡಿ ಟ್ಯಾಕ್ಸಿ ಹಿಡಿದು ಬಂದಿದ್ದ.

ಪೊಲೀಸ್ ಅಧಿಕಾರಿ ಫಾರ್ಮನ್ನು ಮೇಜಿನ ಮೇಲಿಟ್ಟು, ಕಾರ್ಡು ಕಳೆದಿದೆ ಎಂದು ಬರೆದಿದ್ದೀರಿ, ಈತ ನೀವೇ ಕೊಟ್ಟಿರಿ ಎನ್ನುತ್ತಾನೆ, ಯಾವುದು ಸರಿ ಎಂದು ಹಿಂದಿಯಲ್ಲಿ ಕೇಳಿದ. ಅಂಗಡಿಯ ಮುದುಕ ಕಾಕಾನ ಕಡೆ ತಿರುಗಿದ. "ತುಮ್ ಬೋಲಾ ಖೋ ಗಯಾ?" ಕಳೆದುಹೋಯಿತು ಎಂದು ನೀನೇ ಹೇಳಿದೆಯಾ ಎಂದ. ಸಿಟ್ಟಿಲ್ಲ, ಆಶ್ಚರ್ಯ ಮಾತ್ರ ಇತ್ತು.

ಕಾಕಾ ಫಾರ್ಮು ನೋಡಿದರು. ನನ್ನ ಅಕ್ಷರ ನೋಡಿದರು. ತಮ್ಮ ದುಂಡಗಿನ ಸಹಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಈಗ ನನ್ನ ಕಡೆ ಬೆರಳು ಮಾಡುತ್ತಾರೆ ಎಂದು ಕಾದೆ.

"ಸಹಿ ಮೇರಾಚ್ ಹೈ," ಎಂದರು ಕಾಕಾ. ಅಷ್ಟೇ. ತಲೆ ತಗ್ಗಿಸಿದರು.

ನಮ್ಮ ಮುದುಕರು ಗೊಂದಲ ಮಾಡಿಕೊಂಡಿದ್ದಾರೆ ಎಂದು ನಾನು ಒಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ನನ್ನ ಕೆಲಸವೂ ಉಳಿಯುತ್ತಿತ್ತು. ಭದ್ರತಾ ಅಧಿಕಾರಿ ಗಡಿಯಾರ ನೋಡುತ್ತ ಅದನ್ನೇ ಕಾಯುತ್ತಿದ್ದ. ಆದರೆ ಆ ತಗ್ಗಿದ ತಲೆಯ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಬರೆದದ್ದು ನಾನು, ಇವರಿಗೆ ಓದಲು ಬಾರದು, ನಾನು ಬೇರೆ ಹೇಳಿ ಸಹಿ ಮಾಡಿಸಿಕೊಂಡೆ, ಈತ ಕಳ್ಳನಲ್ಲ, ಇವರೇ ಕಾರ್ಡು ಕೊಟ್ಟಿದ್ದರು ಎಂದು ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಇನ್ನೊಂದು ಹಾಳೆ ಕೊಟ್ಟ. ಅದನ್ನೆಲ್ಲ ಬರೆದು ನನ್ನ ಹೆಸರು ಹಾಕಿದೆ. ಹಡಗಿನ ಅಧಿಕಾರಿ ಬದಿಗೆ ಸರಿದು ಮೇಲಿನವರಿಗೆ ಫೋನ್ ಮಾಡಿದ. ಮೂರೂ ಇಪ್ಪತ್ತರ ತನಕ ಉತ್ತರ ಬರಲಿಲ್ಲ. ಬಂದಾಗ, ಪ್ರಯಾಣಿಕ ಹತ್ತಬಹುದು, ನಿಮ್ಮ ಮೇಲೆ ಕಂಪನಿಗೆ ದೂರು ಹೋಗುತ್ತದೆ ಎಂದ. ಹೋಗಲಿ ಎಂದೆ.

ಅಂಗಡಿಯ ಮುದುಕ ಎದ್ದು ನಿಂತ. ಮುಷ್ಟಿಗೆ ಸುತ್ತಿದ್ದ ದಾರ ಬಿಚ್ಚಿ ಕಾರ್ಡನ್ನು ಕಾಕಾನ ಅಂಗೈಯಲ್ಲಿ ಇಟ್ಟ. ಕಾಕಾ ರೊಕ್ಕ ತೆಗೆದು ಮುಂದೆ ಹಿಡಿದರು. ಅವನು ತೆಗೆದುಕೊಳ್ಳಲಿಲ್ಲ.

"ಸೌದಾ ಟೂಟ್ ಗಯಾ," ಎಂದ. ಸಂಚಕಾರ ಕೊಟ್ಟವರು ಕೊಟ್ಟಿಲ್ಲ ಎಂದು ಬರೆದ ಮೇಲೆ ಸೌದಾ ಎಲ್ಲಿ ಉಳಿಯಿತು, ತಪ್ಪು ಯಾರದೇ ಇರಲಿ ಎಂದು ನಿಧಾನವಾಗಿ ಹೇಳಿದ. ದನಿ ಏರಿಸಲಿಲ್ಲ. ಲೋಬಾನದ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ನಾನು ಮಧ್ಯೆ ಬಾಯಿ ಹಾಕಿದೆ. ದರ ಹೆಚ್ಚು ಕೊಡುತ್ತೇನೆ ಎಂದೆ, ತಪ್ಪು ನನ್ನದು ಎಂದೆ, ಇದು ಸತ್ತವರ ಗೋರಿಗೆ ಎಂದೆ. ಕಾಕಾ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದರು.

"ಬ್ಯಾಡವ್ವಾ. ಅಂವಾ ಹೇಳೂದು ಬರೋಬ್ಬರಿ ಅದ. ನಾನಿದ್ರೂ ಹಂಗ ಮಾಡ್ತಿದ್ದೆ." ಅವರು ಅಂಗಡಿಯವನಿಗೆ ಕೈ ಎತ್ತಿ ಸಲಾಂ ಮಾಡಿದರು. ಅವನೂ ಮಾಡಿದ. ಬೆಳಿಗ್ಗೆಯಿಂದ ಅಷ್ಟು ಅಂಗಡಿ ಹತ್ತಿದ ಮನುಷ್ಯ ಅಲ್ಲಿ ಒಂದು ಮಾತೂ ಚೌಕಾಶಿ ಮಾಡದೆ ತಿರುಗಿ ನಡೆದರು.

ಹಡಗಿನ ಬಾಗಿಲು ದಾಟಿದಾಗ ನಾಲ್ಕು ನಿಮಿಷ ಉಳಿದಿತ್ತು. ಹೊತ್ತಾಯಿತೆಂದು ಗಾಬರಿಯಾಗಿರಬೇಕು, ಕಾಕಿ ಗೋಡೆ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮೊದಲು ಗಂಡನ ಮುಖ, ಆಮೇಲೆ ಖಾಲಿ ಕೈ ನೋಡಿದರು.

"ತಂದ್ರಿಲ್ರಿ ಲೋಬಾನ?"

ನಾನು ಬಾಯಿ ತೆರೆಯುವುದರೊಳಗೆ ಕಾಕಾ ಹೇಳಿಬಿಟ್ಟರು. "ಇಲ್ಲ. ದರ ಕೂಡ್ಲಿಲ್ಲ."

ಕಾಕಾ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದನ್ನೂ ನನ್ನ ಸಲುವಾಗಿ ಹೇಳಿದರು.